ತೊಟ್ಟಿಯ ಸೆನ್ಸರ್, ಮಿಣುಕುವ ಬಲ್ಬು, ಕತ್ತರಿಸುವ ಹಾಡು

ಪ್ರಶ್ನೆ: ಮನೆಯಿಂದ ಸುಮಾರು 600 ಮೀಟರ್ ದೂರದಲ್ಲಿ ನೀರಿನ ತೊಟ್ಟಿ ಇದೆ. ಮಟ್ಟ ತಿಳಿಯಲು ಬ್ಯಾಟರಿಯ ವೈ-ಫೈ ಸೆನ್ಸರ್ ಹಾಕಿದೆ, ಸಿಗ್ನಲ್ ಸಿಗುತ್ತಿಲ್ಲ. ಅಲ್ಲಿ ಕರೆಂಟ್ ಇಲ್ಲ. ಹೆಚ್ಚು ಶಕ್ತಿಯ ರೂಟರ್ ತಂದರೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ರೂಟರ್ ಎಷ್ಟೇ ಜೋರಾಗಿ ಕೂಗಲಿ, ಸೆನ್ಸರ್ ಪಿಸುಗುಟ್ಟಿದ್ದು ಅದಕ್ಕೆ ಕೇಳಿಸಬೇಕಲ್ವಾ? ಆ ಪುಟ್ಟ ಸೆನ್ಸರಿನ ದನಿ ಹೊಸ ರೂಟರ್ ತಂದ ಮಾತ್ರಕ್ಕೆ ಏರುವುದಿಲ್ಲ.

ದೂರ ಬಿಡಿ, ಬ್ಯಾಟರಿಯ ಲೆಕ್ಕ ನೋಡಿ. ಸದಾ ಎಚ್ಚರವಿದ್ದು 80 ಮಿಲಿಆಂಪ್ ಎಳೆಯುವ ಸೆನ್ಸರ್, 2000 ಮಿಲಿಆಂಪ್-ಅವರ್ ಬ್ಯಾಟರಿಯನ್ನು 25 ಗಂಟೆಯಲ್ಲಿ ಮುಗಿಸುತ್ತದೆ. ಅದೇ ಸೆನ್ಸರ್ ನಿದ್ದೆಯಲ್ಲಿ 10 ಮೈಕ್ರೋಆಂಪ್ ಮಾತ್ರ ಎಳೆದರೆ ಲೆಕ್ಕಕ್ಕೆ 20 ವರ್ಷಕ್ಕೂ ಜಾಸ್ತಿ ಬರುತ್ತದೆ. ಅಷ್ಟರಲ್ಲಿ ಬ್ಯಾಟರಿ ತಾನಾಗಿಯೇ ಸತ್ತಿರುತ್ತದೆ, ಆ ಮಾತು ಬೇರೆ. ನೀರಿನ ಮಟ್ಟ ಅಂದರೆ ಒಂದು ಸಂಖ್ಯೆ. ಅದನ್ನು ಗಂಟೆಗೆ ನಾಲ್ಕು ಸಲ ಹೇಳಿದರೆ ಸಾಕು. ವಿಡಿಯೋ ಸಾಗಿಸುವ ವೈ-ಫೈ ಇದಕ್ಕೆ ಯಾಕೆ?

ನಿಮಗೆ ಬೇಕಿರುವುದು ಲೋರಾ, ಅಂದರೆ ಪುಟ್ಟ ಸಂದೇಶಗಳನ್ನು ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೋ ತಂತ್ರ. ಇದು ಪ್ರತಿ ಸಂಕೇತವನ್ನೂ ಸಿಳ್ಳೆಯ ಹಾಗೆ ತಗ್ಗಿನಿಂದ ಏರಿಗೆ ಎಳೆದು ಕಳಿಸುತ್ತದೆ. ಹಾಗಾಗಿ ಸುತ್ತಲಿನ ಗದ್ದಲಕ್ಕಿಂತ ಮೆಲ್ಲಗಿದ್ದರೂ ಆ ಕಡೆಯವರು ಹೆಕ್ಕಿಕೊಳ್ಳಬಲ್ಲರು. ಎಷ್ಟು ನಿಧಾನವಾಗಿ ಎಳೆಯಬೇಕು ಅನ್ನುವುದಕ್ಕೆ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಎಂಬ 7ರಿಂದ 12ರವರೆಗಿನ ಹಂತಗಳಿವೆ. ಪುಟ್ಟ ಸಂದೇಶವೊಂದು 7ರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೆ, 12ರಲ್ಲಿ ಒಂದು ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಅಷ್ಟೂ ಹೊತ್ತು ಬ್ಯಾಟರಿ ಕರಗುತ್ತಿರುತ್ತದೆ. ನಿಮ್ಮ ದೂರಕ್ಕೆ 7 ಅಥವಾ 8ರಿಂದ ಶುರು ಮಾಡಿ. ಸಾಲದಿದ್ದರೆ ಮೊದಲು ಆಂಟೆನಾವನ್ನು ಎತ್ತರಕ್ಕೆ ಏರಿಸಿ, ಎಸ್‌ಎಫ್ ಏರಿಸುವುದು ಆಮೇಲೆ.

ಕೊಳ್ಳುವಾಗ ಬ್ಯಾಂಡ್, ಅಂದರೆ ಯಾವ ಆವರ್ತನದಲ್ಲಿ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಿ: ಯುರೋಪಿನಲ್ಲಿ 868 ಮೆಗಾಹರ್ಟ್ಸ್ ಆಸುಪಾಸು, ಭಾರತದಲ್ಲಿ 865ರಿಂದ, ಅಮೆರಿಕದಲ್ಲಿ 902ರಿಂದ 928. ಒಂದು ಕಡೆಯದನ್ನು ಇನ್ನೊಂದು ಕಡೆ ಬಳಸುವ ಹಾಗಿಲ್ಲ. ಇನ್ನೊಂದು ಮಾತು. ಹಲವು ಲೋರಾ ಸೆನ್ಸರ್‌ಗಳನ್ನು ಒಂದು ಜಾಲಕ್ಕೆ ಸೇರಿಸುವ ಲೋರಾವ್ಯಾನ್ ಗೇಟ್‌ವೇ ಎಲ್ಲ ಒಂದೇ ಸೆನ್ಸರ್‌ಗೆ ಸುಮ್ನೆ ಖರ್ಚು. ತೊಟ್ಟಿಗೊಂದು, ಮನೆಗೊಂದು, ಎರಡು ಲೋರಾ ಮಾಡ್ಯೂಲ್ ನೇರವಾಗಿ ಮಾತಾಡಿಕೊಳ್ಳುತ್ತವೆ.

ಪ್ರಶ್ನೆ: ಮನೆಯ ಜಿಗ್ಬೀ ಬಲ್ಬುಗಳು (ಜಿಗ್ಬೀ ಎಂಬ ವೈರ್‌ಲೆಸ್ ಸಂಪರ್ಕದಲ್ಲಿ ನಡೆಯುವ ಸ್ಮಾರ್ಟ್ ಬಲ್ಬುಗಳು) ಹಗಲಲ್ಲಿ ಸರಿಯಾಗಿರುತ್ತವೆ. ಸಂಜೆ ಎಲ್ಲರೂ ವಿಡಿಯೋ ನೋಡುವಾಗ ಹೇಳಿದ ಮಾತು ಕೇಳುವುದಿಲ್ಲ. ಬಲ್ಬು ಕೆಟ್ಟಿವೆಯೇ?

ಉತ್ತರ: ಬಲ್ಬಿನ ತಪ್ಪಿಲ್ಲ. ಜಿಗ್ಬೀ, ವೈ-ಫೈ ಎರಡೂ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲೇ ಇವೆ. ಜಿಗ್ಬೀ ಚಾನೆಲ್‌ನ ಅಗಲ 2 ಮೆಗಾಹರ್ಟ್ಸ್, ವೈ-ಫೈಯದ್ದು ಕಡಿಮೆ ಅಂದರೂ 20. ಲಾರಿ ಪಕ್ಕದಲ್ಲಿ ಸೈಕಲ್ ಹೋದ ಹಾಗೆ.

ಇಲ್ಲಿ ಎಲ್ಲರೂ ಎಡವುವ ಕಡೆ ಒಂದಿದೆ. ಎರಡರ ಚಾನೆಲ್ ಸಂಖ್ಯೆಗೂ ಸಂಬಂಧವೇ ಇಲ್ಲ. ಜಿಗ್ಬೀ 11 ಕೂರುವುದು ವೈ-ಫೈ 1ರ ಮಡಿಲಲ್ಲಿ! ರೂಟರನ್ನು 1 ಅಥವಾ 6ಕ್ಕೆ ಕಟ್ಟಿಹಾಕಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, ಜಿಗ್ಬೀಯನ್ನು 25ಕ್ಕೆ ಒಯ್ಯಿರಿ. ಕೆಲವು ಬಲ್ಬುಗಳನ್ನು ಮತ್ತೆ ಜೋಡಿಸಬೇಕಾಗಬಹುದು.

ಬಲ್ಬುಗಳ ಜೊತೆ ಮಾತಾಡುವ ಪುಟ್ಟ ಯುಎಸ್‌ಬಿ ಕಡ್ಡಿ, ಅಂದರೆ ಜಿಗ್ಬೀ ಡಾಂಗಲ್ ಅನ್ನು ಕಂಪ್ಯೂಟರಿನ ಯುಎಸ್‌ಬಿ 3.0 ಕಿಂಡಿಗೆ ನೇರ ಚುಚ್ಚಿದ್ದೀರಾ? ಆ ಕಿಂಡಿಯೂ ಇದೇ ಬ್ಯಾಂಡ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಒಂದು ಮೀಟರ್ ಕೇಬಲ್ ಹಾಕಿ ಡಾಂಗಲ್ ದೂರ ಇಡಿ. ನನ್ನ ಕೇಳಿದರೆ ಮೊದಲು ಇದನ್ನೇ ಮಾಡಿ. ಗೋಡೆಯ ಸ್ವಿಚ್ಚಿನಲ್ಲಿ ಬಲ್ಬು ಆರಿಸುವ ಅಭ್ಯಾಸವಿದ್ದರೆ ಬಿಡಿ. ಆ ಬಲ್ಬು ಪಕ್ಕದ ಬಲ್ಬಿಗೆ ಸಂದೇಶ ದಾಟಿಸುತ್ತಿರಬಹುದು.

ಪ್ರಶ್ನೆ: ಮನೆಯೊಳಗೆ ಚೆನ್ನಾಗಿರುವ ಬ್ಲೂಟೂತ್ ಇಯರ್‌ಫೋನ್, ಬಯಲಲ್ಲಿ ನಡೆಯುವಾಗ ಕತ್ತರಿಸುವುದೇಕೆ?

ಉತ್ತರ: ನಮ್ಮ ಮೈಯಲ್ಲಿ ನೀರೇ ಜಾಸ್ತಿ. ಅದು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಮನೆಯೊಳಗಾದರೆ ಅಲೆಗಳು ಗೋಡೆಗೆ ಬಡಿದು, ಮೈಯನ್ನು ಸುತ್ತಿಕೊಂಡು ಕಿವಿಗೆ ಬರುತ್ತವೆ. ಬಯಲಲ್ಲಿ ಬಡಿಯಲು ಗೋಡೆ ಎಲ್ಲಿದೆ? ಎರಡೂ ಕಿವಿಯಲ್ಲಿ ಯಾವುದು ಮೊದಲು ಕತ್ತರಿಸುತ್ತದೆ ನೋಡಿ, ಫೋನನ್ನು ಆ ಬದಿಯ ಜೇಬಿಗೆ ಹಾಕಿ.