ಪೋರ್ಚುಗಲ್‌ನ ಹಳೇ ಊರುಗಳು: ಊರು ಕಡಿಮೆ ಮಾಡಿ, ರಾತ್ರಿ ಜಾಸ್ತಿ ಮಾಡಿ

ಅಕ್ಕಾ, ನಮಸ್ಕಾರ. ನಿಮ್ಮ ಪ್ರಶ್ನೆ ಗುರುವಾರವೇ ಲೋಕಲ್‌ನಲ್ಲಿ ನಿಂತುಕೊಂಡು ಓದಿದ್ದೆ. ಉತ್ತರ ಉದ್ದವಾಗುತ್ತದೆ ಅಂತ ಗೊತ್ತಿದ್ದರಿಂದ ರಜೆಯ ದಿನಕ್ಕೆ ಇಟ್ಟುಕೊಂಡೆ. ಗುಂಪಿನ ಉಳಿದವರಿಗೆ ಮೇಲೆ ಹೋಗಿ ಹುಡುಕುವ ತಾಪತ್ರಯ ಬೇಡ, ಪ್ರಶ್ನೆ ಇಷ್ಟು: ಮುಲುಂಡ್‌ನ ಅಕ್ಕ, ಭಾವ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಲಿಸ್ಬನ್‌ನಲ್ಲಿ ಮಗಳ ಮನೆಯಲ್ಲಿರುತ್ತಾರೆ. ಮಗಳಿಗೆ ಶನಿವಾರ, ಭಾನುವಾರ ಮಾತ್ರ ಬಿಡುವು. ಇಬ್ಬರಿಗೂ 65 ದಾಟಿದೆ, ಅಕ್ಕನಿಗೆ ಮೊಣಕಾಲು ನೋವು. ಅಕ್ಕ ಸಸ್ಯಾಹಾರಿ, ಭಾವನಿಗೆ ಮೀನಿಲ್ಲದೆ ಊಟ ಇಳಿಯುವುದಿಲ್ಲ. ಹಳೆಯ ಕಾಲದ ಊರುಗಳನ್ನು ನೋಡುವ ಆಸೆ. ಟೂರಿನವರು ಕೊಟ್ಟ ಪಟ್ಟಿಯಲ್ಲಿ 10 ದಿನಕ್ಕೆ 11 ಊರು ಇದೆಯಂತೆ, ಕೊನೆಗೆ ಸ್ಪೇನ್‌ನ ಸೆವಿಲ್ಲಾ ಬೇರೆ. ತಗೊಳ್ಳಬೇಕಾ, ಬೇಡವಾ?

ಬೇಡ. ಏಳು ವಾರ ಕೈಯಲ್ಲಿದ್ದವರು ಹಾಗೆ ಓಡಬೇಕಾದ ಅಗತ್ಯವೇ ಇಲ್ಲ. ಈ ಹಳೇ ಊರುಗಳ ಸಂಗತಿ ಏನೆಂದರೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವು ಬಸ್ಸಿನವರ ಪಾಲು. ಬಾವುಟ ಹಿಡಿದ ಗೈಡು, ಹಿಂದೆ ನಲವತ್ತು ಜನ, ಫೋಟೊ, ಅಂಗಡಿ, ಮತ್ತೆ ಬಸ್ಸು. ಐದೂವರೆ ಆಯಿತೋ, ಊರು ಊರಿನವರಿಗೆ ವಾಪಸ್. ನೀವು ಹೋಗುವ ಕಾಲಕ್ಕೆ ಅಲ್ಲಿ ರಾತ್ರಿ ಎಂಟೂವರೆ, ಒಂಬತ್ತರವರೆಗೂ ಬೆಳಕಿರುತ್ತದೆ. ಅಂದರೆ ಬಸ್ಸು ಹೋದ ಮೇಲೂ ಮೂರು ಗಂಟೆ ಬೆಳಕು ನಿಮ್ಮದೇ. ಕೋಟೆ ಗೋಡೆಯ ಒಳಗೇ ರೂಮು ಮಾಡಿದವರಿಗೆ ಮಾತ್ರ ಈ ಲಾಭ. ಹಾಗಾಗಿ ನನ್ನ ಲೆಕ್ಕ: ನಾಲ್ಕು ಊರು, ಒಂದೊಂದರಲ್ಲಿ ಎರಡು ಮೂರು ರಾತ್ರಿ. ಉಳಿದದ್ದು ಬಿಟ್ಟರೂ ನಷ್ಟವಿಲ್ಲ.

ಸೆವಿಲ್ಲಾ ಮೊದಲು ತೆಗೆದುಹಾಕಿ. ಲಿಸ್ಬನ್‌ನಿಂದ ಅಲ್ಲಿಗೆ ನೇರ ರೈಲಿಲ್ಲ, ಬಸ್ಸಿನಲ್ಲಿ ಆರೇಳು ಗಂಟೆ. ಮೊಣಕಾಲು ಮಡಚಿಕೊಂಡು ಅಷ್ಟು ಹೊತ್ತು ಕೂರುವುದಕ್ಕಿಂತ ಪೋರ್ಚುಗಲ್‌ನದೇ ಹಳೇ ಊರು ಎವೊರಾದಲ್ಲಿ ಇನ್ನೊಂದು ದಿನ ಇರಿ.

ಸೋಮವಾರ ಹೊರಟು ಗುರುವಾರ ಅಥವಾ ಶುಕ್ರವಾರ ಮಗಳ ಮನೆಗೆ ವಾಪಸ್, ಶನಿ ಭಾನು ಅವಳ ಜೊತೆ. ನಡುವೆ ಒಂದು ವಾರ ಎಲ್ಲಿಗೂ ಹೋಗದೆ ಮನೆಯಲ್ಲೇ, ಬಟ್ಟೆ ಒಗೆದು, ಕುಚ್ಚಲಕ್ಕಿ ಗಂಜಿ ಉಂಡು. ಈ ಖಾಲಿ ವಾರಗಳನ್ನು ಯಾರ ಮಾತು ಕೇಳಿಯೂ ತುಂಬಿಸಬೇಡಿ. ವಾರದ ನಡುವೆ ರೂಮಿನ ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ದೊಡ್ಡ ಸೂಟ್‌ಕೇಸ್ ಲಿಸ್ಬನ್‌ನಲ್ಲೇ ಬಿಟ್ಟು, ಬೆನ್ನಿಗೆ ಹಾಕುವ ಒಂದೊಂದು ಸಣ್ಣ ಚೀಲ ಸಾಕು. ಯಾಕೆ ಹೇಳುತ್ತೇನೆಂದರೆ, ಅಲ್ಲಿನ ಹಳೇ ಬೀದಿಗಳಿಗೆಲ್ಲ ಮುಷ್ಟಿಯಷ್ಟು ದೊಡ್ಡ ಕಲ್ಲು ಹೊದಿಸಿದ್ದಾರೆ. ಚಕ್ರದ ಬ್ಯಾಗು ಗಡಗಡ ಅನ್ನುತ್ತ ಎರಡೇ ಓಣಿಯಲ್ಲಿ ಚಕ್ರ ಕಳೆದುಕೊಳ್ಳುತ್ತದೆ. ಲಿಸ್ಬನ್‌ನ ಫುಟ್‌ಪಾತಿನ ಬಿಳಿ ಸುಣ್ಣಕಲ್ಲಂತೂ ಜನ ನಡೆದು ನಡೆದು ನುಣುಪಾಗಿದೆ, ನಾಲ್ಕು ಹನಿ ಮಳೆ ಬಿದ್ದರೆ ಎಣ್ಣೆ ಒರೆಸಿದ ಕಡಪ ಕಲ್ಲು. ರಬ್ಬರ್ ಅಡಿಯ, ಹಿಡಿತವಿರುವ ಶೂ ಇಲ್ಲಿಂದಲೇ ತಗೊಂಡು ಒಂದು ತಿಂಗಳು ಹಾಕಿ ಪಳಗಿಸಿ. ಮಡಚುವ ಊರುಗೋಲು ಚೀಲದಲ್ಲಿರಲಿ, ನಾಚಿಕೆ ಬೇಡ. ಇಳಿಜಾರಿನಲ್ಲಿ ಹತ್ತುವುದಕ್ಕಿಂತ ಇಳಿಯುವಾಗ ಅದು ಬೇಕಾಗುತ್ತದೆ.

ಮೊದಲ ಸುತ್ತು ಎವೊರಾ, ಅದೂ ಮೇ ತಿಂಗಳೊಳಗೆ. ಆಮೇಲೆ ಆ ಸೀಮೆಯಲ್ಲಿ ಬಿಸಿಲು ಕೆಟ್ಟದ್ದು, ನಡುಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ. ಲಿಸ್ಬನ್‌ನ ಓರಿಯೆಂಟೆ ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ದಿನಕ್ಕೆ ಗಾಡಿಗಳು ಕಡಿಮೆ, ಸಮಯ ನೋಡಿಯೇ ಹೊರಡಿ. ಊರಿನ ಸುತ್ತ ಕೋಟೆ ಗೋಡೆ ಇನ್ನೂ ಇದೆ, 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನಡುಮಧ್ಯದಲ್ಲಿ ಒಂದನೇ ಶತಮಾನದ ರೋಮನ್ ದೇವಾಲಯದ ಕಂಬಗಳು. ಅವು ಉಳಿದದ್ದು ಭಕ್ತಿಯಿಂದಲ್ಲ ಅನ್ನುವುದೇ ಮಜಾ: ಕಂಬಗಳ ನಡುವೆ ಗೋಡೆ ಕಟ್ಟಿ 19ನೇ ಶತಮಾನದವರೆಗೂ ಅದನ್ನು ಮಾಂಸದ ಅಂಗಡಿ ಮಾಡಿಕೊಂಡಿದ್ದರು. ಉಪಯೋಗಕ್ಕೆ ಬಂದದ್ದರಿಂದ ಯಾರೂ ಕೆಡವಲಿಲ್ಲ. ಸಾವೊ ಫ್ರಾನ್ಸಿಸ್ಕೊ ಇಗರ್ಜಿಯ ಪಕ್ಕ ಮೂಳೆಗಳ ಪ್ರಾರ್ಥನಾಮಂದಿರ ಇದೆ. ಗೋಡೆ, ಕಂಬ ಎಲ್ಲ ಮನುಷ್ಯರ ಎಲುಬು, ತಲೆಬುರುಡೆ. ಬಾಗಿಲ ಮೇಲೆ ‘ಇಲ್ಲಿರುವ ಎಲುಬುಗಳಾದ ನಾವು ನಿಮ್ಮದಕ್ಕಾಗಿ ಕಾಯುತ್ತಿದ್ದೇವೆ’ ಅಂತ ಕೆತ್ತಿದ್ದಾರೆ. ನಿಮಗೆ ಹೇಸಿಗೆ ಅನಿಸಿದರೆ ಭಾವನನ್ನು ಒಳಗೆ ಕಳಿಸಿ ನೀವು ಹೊರಗೆ ಕೂತು ಐಸ್‌ಕ್ರೀಮ್ ತಿನ್ನಿ.

ಎವೊರಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇವೆರಡೂ ಅಲ್ಲ. ರುವಾ ದೊ ಕಾನೊ ಅಂತ ಒಂದು ಬೀದಿ. 16ನೇ ಶತಮಾನದಲ್ಲಿ ಊರಿಗೆ ನೀರು ತರಲು ಕಟ್ಟಿದ ಮೇಲುಗಾಲುವೆ ಅಲ್ಲಿ ಊರೊಳಗೆ ಬರುತ್ತದೆ. ಅದರ ಒಂದೊಂದು ಕಮಾನಿನ ಹೊಟ್ಟೆಯೊಳಗೆ ಒಂದೊಂದು ಮನೆ. ಸುಣ್ಣ ಬಳಿದ ಗೋಡೆ, ಹಳದಿ ಪಟ್ಟಿ, ಬಾಗಿಲಿಗೆ ನಂಬರು, ಕಿಟಕಿಗೆ ಒಣಹಾಕಿದ ಬನಿಯನ್ನು. ತಲೆಯ ಮೇಲೆ ನೀರಿನ ಕಾಲುವೆ. ಊರ ನಡುವಿಗೆ ಬರುಬರುತ್ತ ನೆಲ ಏರುತ್ತದೆ, ಕಮಾನು ಗಿಡ್ಡವಾಗುತ್ತದೆ, ಮನೆಗಳೂ ಗಿಡ್ಡವಾಗುತ್ತ ಕೊನೆಗೆ ಒಂದು ಬಾಗಿಲಿಗಷ್ಟೇ ಜಾಗ. ಸಂಜೆ ಆರರ ಮೇಲೆ ಹೋಗಿ. ಟಿಕೆಟ್ ಇಲ್ಲ, ಜನವಿಲ್ಲ. ಒಂದು ಬೆಳಿಗ್ಗೆ ಟ್ಯಾಕ್ಸಿ ಮಾಡಿಕೊಂಡು ಹತ್ತಿರದ ಅಲ್ಮೆಂಡ್ರೆಸ್ ನಿಲುಗಲ್ಲುಗಳನ್ನೂ ನೋಡಬಹುದು. ಬೆಂಡಿನ ಮರಗಳ ನಡುವೆ ಸುಮಾರು 95 ಕಲ್ಲುಗಳು, ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗಿಂತ ಹಳೆಯವು.

ಎರಡನೆಯ ಸುತ್ತು ತೊಮಾರ್, ಅಲ್ಲಿಂದ ಕೊಯಿಂಬ್ರಾ. ತೊಮಾರ್ ಅನ್ನು ಟೂರಿನವರು ಎರಡು ಗಂಟೆಯಲ್ಲಿ ಮುಗಿಸುತ್ತಾರೆ. ನನ್ನ ಕೇಳಿದರೆ ನಮ್ಮ ಕರಾವಳಿಯವರಿಗೆ ಇದೇ ಮುಖ್ಯ ಊರು. 1160ರಲ್ಲಿ ಟೆಂಪ್ಲರ್ ಅನ್ನುವ ಕ್ರೈಸ್ತ ಸನ್ಯಾಸಿ-ಯೋಧರ ಪಂಗಡದವರು ಗುಡ್ಡದ ಮೇಲೆ ಕೋಟೆ ಕಟ್ಟಿದರು. ಪೋಪರು 1312ರಲ್ಲಿ ಆ ಪಂಗಡವನ್ನೇ ರದ್ದು ಮಾಡಿದಾಗ ಪೋರ್ಚುಗಲ್‌ನ ರಾಜ ದಿನಿಸ್ ಜಾಣತನ ಮಾಡಿ, ಹೆಸರು ಬದಲಿಸಿ ಕ್ರಿಸ್ತನ ಪಂಗಡ ಅಂತ ಮುಂದುವರಿಸಿದ. ಅದರ ಹಣದ ಬಲದಿಂದಲೇ ರಾಜಕುಮಾರ ಹೆನ್ರಿ ಆಫ್ರಿಕಾದ ಕರಾವಳಿಗೆ ಹಡಗು ಕಳಿಸಿದ್ದು. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೊ ಡ ಗಾಮನ ಹಾಯಿಗಳ ಮೇಲಿದ್ದ ಕೆಂಪು ಶಿಲುಬೆ ಇದೇ ಪಂಗಡದ್ದು. ಬಸ್ರೂರು, ಮಂಗಳೂರಿನ ಅಕ್ಕಿ ಗೋವೆಗೆ ಹೋದದ್ದು, ಉಳ್ಳಾಲದ ಅಬ್ಬಕ್ಕ ಕತ್ತಿ ಹಿಡಿದದ್ದು ಎಲ್ಲ ಆಮೇಲಿನ ಕತೆ. ಕೋಟೆಯ ಜೊತೆಗೇ ಇರುವ ಈ ಪಂಗಡದ ಮಠದ ಪಶ್ಚಿಮದ ಕಿಟಕಿಯನ್ನು ಐದು ನಿಮಿಷ ನಿಂತು ನೋಡಿ: ಕಲ್ಲಿನಲ್ಲಿ ಹಗ್ಗ, ಗಂಟು, ಹವಳ, ಬೇರು. ಗುಡ್ಡಕ್ಕೆ ಟ್ಯಾಕ್ಸಿಯಲ್ಲಿ ಹತ್ತಿ, ನಡೆದು ಇಳಿಯಿರಿ. ಕೆಳಗಿನ ಊರು ಪೂರ್ತಿ ಸಮತಟ್ಟು, ಸ್ಟೇಷನ್ನೂ ಹತ್ತಿರ. ಅಲ್ಲಿ 15ನೇ ಶತಮಾನದ ಯಹೂದಿ ಪ್ರಾರ್ಥನಾಲಯವೂ ಇದೆ. ಅದನ್ನು ಕಟ್ಟಿಕೊಂಡವರಿಗೆ ಬಹಳ ಕಾಲ ಅದರ ಭಾಗ್ಯವಿರಲಿಲ್ಲ, 1496ರಲ್ಲಿ ಯಹೂದಿಗಳನ್ನು ಹೊರಹಾಕುವ ರಾಜಾಜ್ಞೆ ಬಂತು. ನಾಲ್ಕು ವರ್ಷಕ್ಕೊಮ್ಮೆ ಇಲ್ಲಿ ಹೆಣ್ಣುಮಕ್ಕಳು ತಮ್ಮಷ್ಟೇ ಎತ್ತರದ ಬ್ರೆಡ್ಡಿನ ಗೋಪುರವನ್ನು ತಲೆ ಮೇಲೆ ಹೊತ್ತು ನಡೆಯುವ ಹಬ್ಬ ಆಗುತ್ತದೆ. ಹಿಂದಿನದು 2023ರಲ್ಲಿ ಆಯಿತು, ಆದರೆ ಅದು ಜುಲೈನಲ್ಲಿ. ಜೂನ್ ಮಧ್ಯಕ್ಕೆ ಹೊರಡುವವರಿಗೆ ಸಿಗದು.

ಕೊಯಿಂಬ್ರಾ ಬಗ್ಗೆ ಎಚ್ಚರಿಕೆ ಎರಡು. ಒಂದು, ಮೇ ತಿಂಗಳಲ್ಲಿ ವಿದ್ಯಾರ್ಥಿಗಳ ದೊಡ್ಡ ಹಬ್ಬ ‘ಕೆಯ್ಮಾ ದಾಸ್ ಫಿತಾಸ್’ ನಡೆಯುತ್ತದೆ. ಆ ವಾರ ರೂಮಿಗೆ ಕೈಸುಡುವ ಬಾಡಿಗೆ, ರಾತ್ರಿಯಿಡೀ ಗಲಾಟೆ. ದಿನಾಂಕ ನೋಡಿಕೊಂಡು ಅದರ ಆಚೆ ಈಚೆ ಹೋಗಿ. ಎರಡು, ವಿಶ್ವವಿದ್ಯಾಲಯ ಗುಡ್ಡದ ನೆತ್ತಿಯಲ್ಲಿದೆ. ಹತ್ತುವ ಮೆಟ್ಟಿಲಿಗೆ ಊರಿನವರೇ ಬೆನ್ನುಮುರುಕ ಅಂತ ಹೆಸರಿಟ್ಟಿದ್ದಾರೆ ಅಂದಮೇಲೆ ನಾನೇನು ಹೇಳಲಿ! ಮೇಲಕ್ಕೆ ಟ್ಯಾಕ್ಸಿ, ಕೆಳಕ್ಕೆ ನಿಧಾನ ನಡಿಗೆ. 1290ರಲ್ಲಿ ಲಿಸ್ಬನ್‌ನಲ್ಲಿ ಶುರುವಾದ ವಿಶ್ವವಿದ್ಯಾಲಯ 1537ರಲ್ಲಿ ಇಲ್ಲಿ ಕಾಯಂ ಆಯಿತು. ಅಲ್ಲಿನ ಜೊವಾನಿನಾ ಗ್ರಂಥಾಲಯದಲ್ಲಿ ಬಾವಲಿಗಳನ್ನು ಓಡಿಸುವುದಿಲ್ಲ, ರಾತ್ರಿ ಅವು ಪುಸ್ತಕದ ಹುಳ ತಿನ್ನುತ್ತವೆ. ಸಿಬ್ಬಂದಿ ಮೇಜುಗಳಿಗೆ ಚರ್ಮದ ಹೊದಿಕೆ ಹಾಕಿ ಹೋಗುತ್ತಾರೆ, ಬೆಳಿಗ್ಗೆ ಬಂದು ಹಿಕ್ಕೆ ಗುಡಿಸುತ್ತಾರೆ. ಟಿಕೆಟ್‌ನಲ್ಲಿ ಗ್ರಂಥಾಲಯಕ್ಕೆ ಒಳಹೋಗುವ ಸಮಯ ಅಚ್ಚಾಗಿರುತ್ತದೆ, ತಪ್ಪಿಸಬೇಡಿ. ರೈಲಿನಲ್ಲಿ ಹೋದರೆ ಇಳಿಯುವುದು ಕೊಯಿಂಬ್ರಾ-ಬಿ, ಅದು ಊರ ಹೊರಗೆ.

ಮೂರನೆಯದು ಪೋರ್ತೊ, ಅಲ್ಲಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಹಾಗೆ ಗಿಮರಾಯಿಸ್. ಲಿಸ್ಬನ್‌ನಿಂದ ವೇಗದ ಗಾಡಿಯಲ್ಲಿ ಸುಮಾರು ಮೂರು ಗಂಟೆ. ಸಾವೊ ಬೆಂತೊ ಸ್ಟೇಷನ್ನಿನ ಗೋಡೆ ತುಂಬ ನೀಲಿ ಹೆಂಚಿನ ಚಿತ್ರಗಳು, ಸುಮಾರು 20,000 ಹೆಂಚು. ನಮ್ಮ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನ ಹಾಗೆಯೇ ಅವಸರದವರು ತಲೆ ಎತ್ತದೆ ಓಡುತ್ತಿರುತ್ತಾರೆ, ನೀವು ಬೆಂಚು ಹಿಡಿದು ಕೂತು ನೋಡಿ. ಪೋರ್ತೊ ಊರು ಪೂರಾ ಏರಿಳಿತ, ರೂಮು ಮೇಲ್ಭಾಗದಲ್ಲಿ ಮೆಟ್ರೊ ಹತ್ತಿರವೇ ಇರಲಿ.

ಒಬಿಡೊಸ್ ಒಂದೇ ದಿನಕ್ಕೆ ಸಾಕು, ಲಿಸ್ಬನ್‌ನ ಕಾಂಪೊ ಗ್ರಾಂದೆಯಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಕೋಟೆ ಗೋಡೆಯ ಮೇಲೆ ನಡೆಯಬಹುದು ಅಂತ ಎಲ್ಲರೂ ಬರೆಯುತ್ತಾರೆ, ಒಳಬದಿಗೆ ಕಂಬಿ ಇಲ್ಲ ಅಂತ ಯಾರೂ ಬರೆಯುವುದಿಲ್ಲ. ನೀವು ಹತ್ತಬೇಡಿ. ಈ ಊರನ್ನು ರಾಜರು ತಮ್ಮ ರಾಣಿಯರಿಗೆ ಮದುವೆಯ ಉಡುಗೊರೆಯಾಗಿ ಕೊಡುತ್ತಿದ್ದರು. 1661ರ ಮದುವೆ ಒಪ್ಪಂದದಲ್ಲಿ ನಮ್ಮ ಮುಂಬೈಯನ್ನೇ ಬಳುವಳಿ ಕೊಟ್ಟವರಿಗೆ ಇದೇನು ಹೊಸತಲ್ಲ ಬಿಡಿ. ಸಿಂತ್ರಾಕ್ಕೆ ಮಗಳು ಶನಿವಾರ ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡ ಅನ್ನಿ, ಜಾತ್ರೆ. ಮಂಗಳವಾರವೋ ಬುಧವಾರವೋ ರೊಸಿಯೊ ಸ್ಟೇಷನ್ನಿನಿಂದ ನೀವಿಬ್ಬರೇ ಹೋಗಿ, 40 ನಿಮಿಷ. ಗುಡ್ಡದ ಮೇಲಿನ ಬಣ್ಣದ ಪೆನಾ ಅರಮನೆಯ ಬದಲು ಪೇಟೆಯಲ್ಲೇ ಇರುವ ಎರಡು ದೊಡ್ಡ ಚಿಮಣಿಯ ಹಳೇ ಅರಮನೆ ಮೊಣಕಾಲಿಗೆ ಒಳ್ಳೆಯದು.

ಲಿಸ್ಬನ್‌ನಲ್ಲಿ ಜೆರೊನಿಮೊಸ್ ಮಠ ಸೋಮವಾರ ಮುಚ್ಚಿರುತ್ತದೆ, ಮೇ 1, ಜೂನ್ 13ರಂದೂ ಅಷ್ಟೆ. ಸಂಬಾರ ಪದಾರ್ಥಗಳ ವ್ಯಾಪಾರದ ಮೇಲೆ ಹಾಕಿದ ತೆರಿಗೆಯಿಂದ ಕಟ್ಟಿದ್ದು. ವಾಸ್ಕೊನ ಸಮಾಧಿ ಒಳಗಿದೆ. ಹತ್ತಿರದ ಚೌಕದಲ್ಲಿ ಕಂಬದ ತುದಿಗೆ ಅಲ್ಬುಕರ್ಕ್ ನಿಂತಿದ್ದಾನೆ, 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವು ಪಡೆದು ಆದಿಲ್‌ಶಾಹಿಯಿಂದ ಗೋವಾ ಕಿತ್ತುಕೊಂಡವನು. ತಿಮ್ಮಯ್ಯನನ್ನು ಅಲ್ಲಿ ಹುಡುಕಬೇಡಿ. ಹೊರಡುವ ಮೊದಲು ಒಂದು ಭಾನುವಾರ ವಸಾಯಿ ಕೋಟೆಗೆ ಹೋಗಿ ಬನ್ನಿ. 1534ರಿಂದ 1739ರಲ್ಲಿ ಮರಾಠಾ ಸೇನಾಪತಿ ಚಿಮಾಜಿ ಅಪ್ಪಾ ಗೆಲ್ಲುವವರೆಗೂ ಅದು ಪೋರ್ಚುಗೀಸರದೇ. ಆ ಪಾಳು ಇಗರ್ಜಿಗಳನ್ನು ಕಂಡವರಿಗೆ ಎವೊರಾದ ಬೀದಿ ಅಪರಿಚಿತ ಅನಿಸದು.

ರೈಲಿನಲ್ಲಿ 65 ದಾಟಿದವರಿಗೆ ಅರ್ಧ ದರ, ವಿದೇಶಿಯರಿಗೂ. ಪಾಸ್‌ಪೋರ್ಟ್ ಜೊತೆಗಿರಲಿ. ಎಟಿಎಂನಲ್ಲಿ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಅಂತ ಕೇಳಿದರೆ ಬೇಡ ಒತ್ತಿ, ಯೂರೊದಲ್ಲೇ ತೆಗೆಯಿರಿ. ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇ ಗಡುವು 15 ದಿನ. ಬೇಸಿಗೆ ರಜೆಯ ನೂಕುನುಗ್ಗಲಿಗೆ ಮುಂಚೆ ಫೆಬ್ರವರಿಯಲ್ಲೇ ಮುಗಿಸಿ. ವಿಮೆ ಕನಿಷ್ಠ 30,000 ಯೂರೊದ್ದು ಇರಬೇಕು, ಮೊದಲೇ ಇರುವ ಕಾಯಿಲೆಗೆ ಅದು ಸಿಗುತ್ತದೆಯೇ ಅಂತ ಪಾಲಿಸಿ ಓದಿ ನೋಡಿ. ಮಗಳ ಮನೆಯಲ್ಲಿ ಇರುವುದರಿಂದ ಅವಳು ಅಲ್ಲಿಂದ ಜವಾಬ್ದಾರಿ ಪತ್ರಕ್ಕೆ ಸಹಿ ಮಾಡಿ ಕಳಿಸಲಿ.

ಇನ್ನು ಊಟ. ಹೋಟೆಲಿನಲ್ಲಿ ಕೂತ ತಕ್ಷಣ ಕೇಳದೆಯೇ ಬ್ರೆಡ್ಡು, ಆಲಿವ್, ಒಂದು ಗುಂಡು ಚೀಸ್ ತಂದಿಡುತ್ತಾರೆ. ಸ್ವಾಗತದ ಉಪಚಾರ ಅಂದುಕೊಳ್ಳಬೇಡಿ, ಮುಟ್ಟಿದರೆ ಬಿಲ್ಲಿಗೆ ಬರುತ್ತದೆ. ಬೇಡವಾದರೆ ನಗುತ್ತ ವಾಪಸ್ ಕಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮಗೆ ಕಷ್ಟ ಸೂಪಿನಲ್ಲಿ: ಹಸಿರು ಎಲೆಯ ‘ಕಾಲ್ದೊ ವೆರ್ದೆ’ ನೋಡಲು ಬಸಳೆ ಸಾರಿನ ಹಾಗೆ ಕಂಡರೂ ತಳದಲ್ಲಿ ಹಂದಿ ಸಾಸೇಜಿನ ಚೂರು ಇರುತ್ತದೆ. ‘ಸೆಂ ಕಾರ್ನೆ, ಸೆಂ ಪೆಯ್ಶೆ’ ಅಂದರೆ ಮಾಂಸ ಬೇಡ, ಮೀನು ಬೇಡ; ಇದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಲ್ಲಿನ ಕ್ರೈಸ್ತ ಮಠಗಳ ಸಿಹಿತಿಂಡಿಗಳೆಲ್ಲ ಮೊಟ್ಟೆಯ ಹಳದಿ, ಕೆಲವಕ್ಕೆ ಹಂದಿ ಕೊಬ್ಬೂ ಬೀಳುತ್ತದೆ. ಲಿಸ್ಬನ್‌ನ ಮಾರ್ಟಿಂ ಮೊನಿಸ್ ಚೌಕದ ಸುತ್ತ ತೊಗರಿಬೇಳೆ, ಆಟಾ, ಕರಿಬೇವು ಸಿಗುತ್ತದೆ. ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳ ರಾಧಾಕೃಷ್ಣ ದೇವಸ್ಥಾನದಲ್ಲಿ ಸಸ್ಯಾಹಾರಿ ಊಟದ ಕ್ಯಾಂಟೀನೂ ಇದೆ. ಊರು ಸುತ್ತುವಾಗ ಚಟ್ನಿಪುಡಿ ಚೀಲದಲ್ಲಿರಲಿ.

ಭಾವನ ಚಿಂತೆ ಬಿಡಿ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬಕ್ಕೆ ಲಿಸ್ಬನ್‌ನ ಹಳೇ ಕೇರಿ ಅಲ್ಫಾಮಾದ ಓಣಿ ಓಣಿಯಲ್ಲಿ ಕೆಂಡದ ಮೇಲೆ ಬೂತಾಯಿ ಸುಡುತ್ತಾರೆ. ಉಪ್ಪು ಬಿಟ್ಟರೆ ಮಸಾಲೆ ಇಲ್ಲ, ಸ್ವಲ್ಪ ಮೆಣಸಿನಪುಡಿ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಡಿ. ವಾಪಸ್ ಟಿಕೆಟ್ ಅದಕ್ಕಿಂತ ಮುಂಚಿನದು ಆಗಿದ್ದರೆ ಈಗಲೇ ಎರಡು ದಿನ ಮುಂದೆ ಹಾಕಿಸಿ.