ಅಪ್ಪನ ಆದಾಯವೋ, ಗಂಡನ ಆದಾಯವೋ? ನೇಮಕಾತಿ ಮೀಸಲಾತಿಯ ತಕರಾರುಗಳಿಗೆ ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸಂವಿಧಾನದ ವಿಧಿಗಳಿಗೆ ಬರವಿಲ್ಲ. ಆದರೆ ಅಧಿಸೂಚನೆಯ ದಿನಾಂಕ ಬರೆದವರು ಬೆರಳೆಣಿಕೆಯಷ್ಟು ಮಂದಿ. ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಬಹುಪಾಲು ಆ ದಿನಾಂಕದ ಮೇಲೆಯೇ ಆದ್ದರಿಂದ, ಅದನ್ನು ಬರೆದವರಿಗೆ ಮೊದಲು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಹಿಂದುಳಿದ ವರ್ಗಗಳ 3ಬಿ ಪ್ರವರ್ಗದವಳು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕುವಾಗ ತವರಿನಲ್ಲಿ ಮಾಡಿಸಿದ್ದ, ತಂದೆಯ ಹೆಸರಿನ ಜಾತಿ-ಆದಾಯ ಪ್ರಮಾಣಪತ್ರ ಕೊಟ್ಟಿದ್ದೆ. ಮದುವೆಯಾಗಿದ್ದರಿಂದ ಗಂಡನ ಆದಾಯದ ಪತ್ರ ಬೇಕಿತ್ತು ಎಂದು ನನ್ನನ್ನು ಮೀಸಲಾತಿಯಿಲ್ಲದ ಸಾಮಾನ್ಯ ಅರ್ಹತೆಗೆ ತಳ್ಳಿದರು. ಜಾತಿ ಹುಟ್ಟಿನಿಂದ ಬರುವುದಾದರೆ ಗಂಡನ ಆದಾಯವೇಕೆ? ಮುಂದಿನ ನೇಮಕಾತಿಗೆ ಯಾವ ಪತ್ರ ಮಾಡಿಸಲಿ?
— ಹೆಸರು ಬೇಡ, ಹಾನಗಲ್

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಎಳೆಗಳಿವೆ, ಮೊದಲು ಬಿಡಿಸಿಕೊಳ್ಳೋಣ. ಜಾತಿಯ ವಿಷಯದಲ್ಲಿ ಅನುಮಾನವಿಲ್ಲ, ಅದು ಹುಟ್ಟಿನಿಂದಲೇ. ಮೇಲ್ಜಾತಿಯ ಹೆಣ್ಣು ಹಿಂದುಳಿದ ವರ್ಗದವನನ್ನು ಮದುವೆಯಾದ ಮಾತ್ರಕ್ಕೆ ಮೀಸಲಾತಿ ಸಿಗದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕೆನೆಪದರದ, ಅಂದರೆ ಹಿಂದುಳಿದ ವರ್ಗದೊಳಗಿನ ಉಳ್ಳವರನ್ನು ಮೀಸಲಾತಿಯಿಂದ ಹೊರಗಿಡುವ ನಿಯಮದ, ಮಾತು ಬೇರೆ. ನಮ್ಮ ರಾಜ್ಯದಲ್ಲಿ 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ವರ್ಷಕ್ಕೆ 8 ಲಕ್ಷ ರೂಪಾಯಿಯ ಆದಾಯ ಮಿತಿ ಇದೆ. ಪ್ರವರ್ಗ-1ಕ್ಕೂ ಪರಿಶಿಷ್ಟರಿಗೂ ಅದಿಲ್ಲ. ಆ 8 ಲಕ್ಷವನ್ನು ಯಾರ ಮನೆಯ ಲೆಕ್ಕದಲ್ಲಿ ಎಣಿಸಬೇಕು, ಹುಟ್ಟಿದ ಮನೆಯದೋ ಸೇರಿದ ಮನೆಯದೋ ಎಂಬಲ್ಲಿ ಜಗಳ ಹುಟ್ಟಿತು. ಕೇಂದ್ರ ಸರ್ಕಾರದ ಹುದ್ದೆಗಳಿಗೆ 1993ರ ಆದೇಶದಂತೆ ನೋಡುವುದು ತಂದೆ ತಾಯಿಯ ಸ್ಥಿತಿಗತಿಯನ್ನು, ಗಂಡನ ಸಂಬಳವನ್ನಲ್ಲ. ರಾಜ್ಯದಲ್ಲಿ ಅಷ್ಟು ನೇರವಾಗಿ ನಡೆಯಲಿಲ್ಲ.

ನೀವು ಬರೆದ ನೇಮಕಾತಿಯಲ್ಲಿ ಇದ್ದದ್ದು 15,000 ಹುದ್ದೆಗಳು. 2022ರ ನವೆಂಬರ್‌ನಲ್ಲಿ ತಾತ್ಕಾಲಿಕ ಪಟ್ಟಿ ಹೊರಬಿದ್ದಾಗ ನಿಮ್ಮಂತೆಯೇ ತಂದೆಯ ಹೆಸರಿನ ಪತ್ರ ಕೊಟ್ಟಿದ್ದ ವಿವಾಹಿತೆಯರು ಹೈಕೋರ್ಟ್ ಮೆಟ್ಟಿಲೇರಿದರು. 2023ರ ಜನವರಿಯಲ್ಲಿ ಏಕಸದಸ್ಯ ಪೀಠ ಅವರ ಪರ ನಿಂತು ಪಟ್ಟಿಯನ್ನು ರದ್ದು ಮಾಡಿತು. ಮಾರ್ಚ್‌ನಲ್ಲಿ ಹೊಸ ಪಟ್ಟಿ ಬಂದಾಗ ಮೊದಲ ಪಟ್ಟಿಯಲ್ಲಿದ್ದ ಕೆಲವರು ಹೊರಗಾದರು. ಅವರೂ ಸುಮ್ಮನೆ ಕೂರುವವರಲ್ಲ. ಅಕ್ಟೋಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಏಕಸದಸ್ಯ ತೀರ್ಪನ್ನು ಬದಿಗಿಟ್ಟಿತು. ಇಂಥ ತಕರಾರು ಮೊದಲು ಹೋಗಬೇಕಾದದ್ದು ಸರ್ಕಾರಿ ನೌಕರಿಯ ವ್ಯಾಜ್ಯ ಕೇಳುವ ಆಡಳಿತ ನ್ಯಾಯಮಂಡಳಿಗೆ ಎಂಬುದು ಅದರ ಕಾರಣ. 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದಕ್ಕೇ ಮುದ್ರೆ ಒತ್ತಿತು. ಗಮನಿಸಿದಿರಾ? ಮೂರು ವರ್ಷ ಓಡಾಡಿದ ಮೇಲೆ ತೀರ್ಮಾನವಾದದ್ದು ಯಾವ ಬಾಗಿಲು ತಟ್ಟಬೇಕು ಎಂಬುದು. ಅಪ್ಪನೋ ಗಂಡನೋ ಎಂಬ ಮೂಲ ಪ್ರಶ್ನೆ ಮರಳಿ ನ್ಯಾಯಮಂಡಳಿಯ ಮೇಜಿಗೆ ಹೋಯಿತು.

ನನ್ನನ್ನು ಕೇಳಿದರೆ ಏಕಸದಸ್ಯ ಪೀಠದ ತರ್ಕವೇ ಸರಿ. ಹಿಂದುಳಿದಿರುವಿಕೆ ಹೆಣ್ಣುಮಗಳು ಬೆಳೆದ ಮನೆಯಲ್ಲಿ, ಓದಿದ ಶಾಲೆಯಲ್ಲಿ ಅಂಟಿಕೊಂಡು ಬಂದದ್ದು. ಮಾಂಗಲ್ಯ ಕಟ್ಟಿದ ದಿನ ಅದು ಕಳಚಿ ಬೀಳುವುದಿಲ್ಲ. ಆದರೆ ಅಂಕಣಕಾರನ ಅಭಿಪ್ರಾಯವನ್ನು ದಾಖಲೆ ಪರಿಶೀಲಿಸುವ ಗುಮಾಸ್ತರು ಒಪ್ಪಬೇಕಲ್ಲ! ಆದ್ದರಿಂದ ನಿಮಗೆ ನನ್ನ ಸಲಹೆ ತೀರಾ ಸಾದಾ: ಎರಡೂ ಮಾಡಿಸಿ. ತಂದೆಯ ಆದಾಯ ತೋರಿಸುವ ನಮೂನೆ-ಎಫ್ ಜಾತಿ-ಆದಾಯ ಪ್ರಮಾಣಪತ್ರ ಒಂದು, ಗಂಡನ ಆದಾಯ ತೋರಿಸುವುದು ಇನ್ನೊಂದು. ಎರಡರ ದಿನಾಂಕವೂ ಅರ್ಜಿಯ ಕೊನೆಯ ದಿನಕ್ಕಿಂತ ಮೊದಲಿರಲಿ. ಈ ಪತ್ರಕ್ಕೆ ಐದು ವರ್ಷವಷ್ಟೇ ಆಯುಸ್ಸು, ಹಳೆಯದನ್ನು ಬೀರುವಿನಿಂದ ತೆಗೆಯುವ ಮೊದಲು ತಾರೀಖು ನೋಡಿ. ಅಧಿಸೂಚನೆ ಯಾವುದನ್ನು ಕೇಳುತ್ತದೋ ಅದನ್ನು ಲಗತ್ತಿಸಿ, ಇನ್ನೊಂದನ್ನು ಕೈಯಲ್ಲಿಟ್ಟುಕೊಳ್ಳಿ. ಅಧಿಸೂಚನೆ ಬಾಯಿಬಿಡದಿದ್ದರೆ ಎರಡನ್ನೂ ಕೊಡಿ. ತಾತ್ಕಾಲಿಕ ಪಟ್ಟಿಗೆ ಆಕ್ಷೇಪಣೆ ಸಲ್ಲಿಸುವ ಅವಧಿ ಕೆಲವೇ ದಿನಗಳದ್ದು, ಆಗ ತಾಲೂಕು ಕಚೇರಿಗೆ ಅಲೆಯಲು ಪುರುಸೊತ್ತು ಇರುವುದಿಲ್ಲ.

ಪ್ರಶ್ನೆ: ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಿದೆ. ಹುಡುಗ ಎಂಜಿನಿಯರ್, ಸಂಬಳ ಹೆಚ್ಚು. ಅವಳು ಸರ್ಕಾರಿ ಕೆಲಸಕ್ಕೆ ಓದುತ್ತಿದ್ದಾಳೆ. ಆಯ್ಕೆಪಟ್ಟಿ ಬರುವವರೆಗೆ ಮದುವೆ ಮುಂದಕ್ಕೆ ಹಾಕುವುದು ಒಳ್ಳೆಯದೇ?
— ಒಬ್ಬ ತಂದೆ, ಚಿಕ್ಕೋಡಿ

ಉತ್ತರ: ಯಜಮಾನರೇ, ನಮ್ಮ ನೇಮಕಾತಿಗಳ ವೇಗ ನೋಡಿಕೊಂಡು ಲಗ್ನ ನಿಶ್ಚಯಿಸುವುದಾದರೆ ಮೊಮ್ಮಕ್ಕಳ ಮುಖ ನೋಡುವ ಆಸೆಯನ್ನು ಈಗಲೇ ಬಿಡಿ. ಮದುವೆ ಮಾಡಿ. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಅರ್ಜಿಯ ಕೊನೆಯ ದಿನದ ಸ್ಥಿತಿ. ಅರ್ಜಿ ಹಾಕಿಯಾಗಿದ್ದರೆ ಅಂದಿನ ಸ್ಥಿತಿಯ ಪತ್ರಗಳನ್ನು ಭದ್ರವಾಗಿಡಿ. ಹಾಕಬೇಕಾಗಿದ್ದರೆ ಮೇಲೆ ಹಾನಗಲ್ಲಿನ ತಾಯಿಗೆ ಹೇಳಿದ್ದೇ ನಿಮಗೂ.

ಪ್ರಶ್ನೆ: ನಾನು 2ಎ ಮಹಿಳೆ. ಸಾಮಾನ್ಯ ಅರ್ಹತೆಯ ಮಹಿಳೆಯರಲ್ಲಿ ಕೊನೆಯದಾಗಿ ಆಯ್ಕೆಯಾದವರಿಗಿಂತ ನನ್ನ ಅಂಕ ಹೆಚ್ಚು. ಆದರೂ ಹೆಸರಿಲ್ಲ. ವಿಚಾರಿಸಿದರೆ ‘ನೀವು 2ಎ, ನಿಮ್ಮ ಪೈಪೋಟಿ 2ಎ ಮಹಿಳೆಯರ ಜೊತೆಗೆ ಮಾತ್ರ’ ಎಂದರು. ಇದು ಸರಿಯೇ?
— ಓದುಗರು, ಶಹಾಪುರ

ಉತ್ತರ: ಸರಿಯಲ್ಲ. ಬಂದ ಪತ್ರಗಳಲ್ಲಿ ನಿಮ್ಮದೇ ಗಟ್ಟಿಯಾದ ಪ್ರಕರಣ.

ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಅಕ್ಷರಶಃ ಇದೇ ನಡೆದಿತ್ತು. ಹಿಂದುಳಿದ ವರ್ಗದ ಅಭ್ಯರ್ಥಿಯೊಬ್ಬರಿಗೆ 276.59 ಅಂಕ, ಸಾಮಾನ್ಯ ಮಹಿಳೆಯರ ಕೊನೆಯ ಅಂಕ 274.82. ಹೆಚ್ಚು ಅಂಕ ಪಡೆದವರು ಮನೆಯಲ್ಲಿ, ಕಡಿಮೆ ಪಡೆದವರು ಠಾಣೆಯಲ್ಲಿ. ಅಲ್ಲಿನ ಸರ್ಕಾರ ನಿಮ್ಮ ಗುಮಾಸ್ತರ ಮಾತನ್ನೇ ಹೇಳಿತು. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಅದನ್ನು ಒಪ್ಪಲಿಲ್ಲ. ಸಾಮಾನ್ಯ ಅರ್ಹತೆ ಎಂಬುದು ಯಾವ ಜಾತಿಗೂ ಕಾದಿಟ್ಟ ಕೋಟಾ ಅಲ್ಲ, ಎಲ್ಲರಿಗೂ ತೆರೆದ ಬಾಗಿಲು. ಅದರೊಳಗಿನ ಮಹಿಳಾ ಹುದ್ದೆಗಳೂ ಹಾಗೆಯೇ. ಆ ಕೊನೆಯ ಅಂಕಕ್ಕಿಂತ ಹೆಚ್ಚು ಪಡೆದವರಿಗೆ ಕೆಲಸ ಕೊಡಿ, ಈಗಾಗಲೇ ಸೇರಿದವರನ್ನು ಕದಲಿಸಬೇಡಿ ಎಂದು ಕೋರ್ಟ್ ಹೇಳಿತು.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಪರಿಶಿಷ್ಟ ಜಾತಿ, 2ಎ, 3ಬಿ ಇವೆಲ್ಲ ಲಂಬ ಮೀಸಲಾತಿ. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ, ಅಂಗವಿಕಲ ಇವೆಲ್ಲ ಸಮತಲ ಮೀಸಲಾತಿ. ಇವು ಪ್ರತಿಯೊಂದು ಲಂಬ ಪ್ರವರ್ಗದ ಒಳಗೂ ಅಡ್ಡಲಾಗಿ ಹಾಯುತ್ತವೆ. ಎಣಿಸುವ ಕ್ರಮವನ್ನು 2007ರ ರಾಜೇಶ್ ಕುಮಾರ್ ದಾರಿಯಾ ತೀರ್ಪು ಬೆರಳು ಹಿಡಿದು ಕಲಿಸುತ್ತದೆ. ಪರಿಶಿಷ್ಟ ಜಾತಿಗೆ 19 ಹುದ್ದೆ, ಅದರಲ್ಲಿ 4 ಮಹಿಳೆಯರಿಗೆ ಎಂದಿಟ್ಟುಕೊಳ್ಳಿ. ಮೊದಲು ಗಂಡು ಹೆಣ್ಣು ನೋಡದೆ ಅಂಕದ ಮೇಲೆ 19 ಜನರನ್ನು ಬರೆಯಬೇಕು. ಅದರಲ್ಲಿ ಆಗಲೇ 4 ಮಹಿಳೆಯರಿದ್ದರೆ ಕೆಲಸ ಮುಗಿಯಿತು, ಇನ್ನೂ 4 ಜನರನ್ನು ಸೇರಿಸುವಂತಿಲ್ಲ. ಇಬ್ಬರೇ ಇದ್ದರೆ ಪಟ್ಟಿಯ ತಳದಿಂದ ಇಬ್ಬರು ಪುರುಷರನ್ನು ತೆಗೆದು, ಮುಂದಿನ ಇಬ್ಬರು ಮಹಿಳೆಯರನ್ನು ತರಬೇಕು. ಇಷ್ಟೇ. ಈ ಲೆಕ್ಕ ತಪ್ಪಿದ್ದರಿಂದ ಬಿದ್ದುಹೋದ ಪಟ್ಟಿಗಳು ದೇಶದಲ್ಲಿ ಕಡಿಮೆಯಿಲ್ಲ.

ಒಂದು ಎಚ್ಚರಿಕೆ. ವಯೋಮಿತಿ ಸಡಿಲಿಕೆ ಪಡೆದು ಅರ್ಜಿ ಹಾಕಿದ್ದೀರಾ? ಹಾಗಿದ್ದರೆ ಸಾಮಾನ್ಯ ಅರ್ಹತೆಗೆ ಹೋಗಬಹುದೋ ಇಲ್ಲವೋ ಎಂಬುದು ಆ ನೇಮಕಾತಿಯ ನಿಯಮದ ಮೇಲೆ ನಿಂತಿದೆ. ನಿಯಮ ಅವಕಾಶ ಕೊಟ್ಟಲ್ಲಿ ಕೋರ್ಟ್ ಒಪ್ಪಿದೆ, ತಡೆದಲ್ಲಿ ಒಪ್ಪಿಲ್ಲ. ಪತ್ರದಲ್ಲಿ ನೀವು ವಯಸ್ಸು ಬರೆದಿಲ್ಲ. ವಕೀಲರ ಬಳಿ ಮುಚ್ಚಿಡಬೇಡಿ.

ಪ್ರಶ್ನೆ: ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವನು ನಾನು. ಆನ್‌ಲೈನ್ ಅರ್ಜಿಯಲ್ಲಿ ಗ್ರಾಮೀಣ ಮೀಸಲಾತಿ ಎಂಬಲ್ಲಿ ‘ಇಲ್ಲ’ ಎಂದು ಒತ್ತಿಬಿಟ್ಟೆ. ಸೈಬರ್ ಸೆಂಟರಿನ ಹುಡುಗನ ಅವಸರ. ಈಗ ಪ್ರಮಾಣಪತ್ರ ತಂದರೆ ಒಪ್ಪುವರೇ?
— ಓದುಗರು, ಚಳ್ಳಕೆರೆ

ಉತ್ತರ: ಕಷ್ಟ. ಗ್ರಾಮೀಣರಿಗೆ ಶೇ 25ರಷ್ಟು ಹುದ್ದೆಗಳಿವೆ ನಿಜ, ಆದರೆ ಕೇಳಿದವರಿಗೆ ಮಾತ್ರ. ಇದರಲ್ಲಿ ಕೋರ್ಟ್‌ಗಳು ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡುತ್ತವೆ. ಹಿಂದುಳಿದ ವರ್ಗದವನೆಂದು ಅರ್ಜಿಯಲ್ಲಿ ಹೇಳಿ ಪತ್ರವನ್ನು ತಡವಾಗಿ ಕೊಟ್ಟ ದೆಹಲಿಯ ಅಭ್ಯರ್ಥಿಯ ಕೈಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಹಿಡಿಯಿತು. ನಾಗರಿಕ ಸೇವಾ ಪರೀಕ್ಷೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಪತ್ರ ನಿಗದಿತ ದಿನದೊಳಗೆ ಕೈಯಲ್ಲಿರಲೇಬೇಕಿತ್ತು ಎಂದು 2023ರಲ್ಲಿ ಅದೇ ಕೋರ್ಟ್ ಬಿಗಿಯಾಯಿತು. ನಿಮ್ಮದು ಇವೆರಡಕ್ಕಿಂತ ಕೆಳಗಿನ ಮೆಟ್ಟಿಲು: ಮೀಸಲಾತಿಯನ್ನೇ ಬೇಡ ಎಂದಿದ್ದೀರಿ. ತಿದ್ದುಪಡಿಗೆ ದಿನ ಕೊಟ್ಟಿದ್ದರೆ ಅಂದೇ ತಿದ್ದಬೇಕಿತ್ತು. ಮುಂದಿನ ಸಲ ಅರ್ಜಿಯ ಮುದ್ರಿತ ಪ್ರತಿಯನ್ನು ಓದದೆ ಸೆಂಟರಿನಿಂದ ಕದಲಬೇಡಿ.

ಪ್ರಶ್ನೆ: ಸ್ವಾಮಿ, ಶೇ 50ರ ಮಿತಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ನಮ್ಮ ರಾಜ್ಯದಲ್ಲಿ ಶೇ 56 ಹೇಗಾಯಿತು? ಅರ್ಹತೆಗೆ ಬೆಲೆಯೇ ಇಲ್ಲವೇ?
— ನೊಂದ ಪೋಷಕ, ಬೆಂಗಳೂರು

ಉತ್ತರ: ಲೆಕ್ಕ ಹೇಳುತ್ತೇನೆ, ಕೋಪ ನಿಮ್ಮದು. ಮೊದಲು ಪರಿಶಿಷ್ಟ ಜಾತಿ 15, ಪಂಗಡ 3, ಪ್ರವರ್ಗ-1ಕ್ಕೆ 4, 2ಎ 15, 2ಬಿ 4, 3ಎ 4, 3ಬಿ 5, ಸರಿಯಾಗಿ 50. ನಾಗಮೋಹನದಾಸ್ ಆಯೋಗದ ಶಿಫಾರಸಿನ ಮೇಲೆ 2022ರ ಕಾಯ್ದೆ ಪರಿಶಿಷ್ಟ ಜಾತಿಗೆ 17, ಪಂಗಡಕ್ಕೆ 7 ಮಾಡಿತು. ಹೀಗೆ ಆರು ಹೆಚ್ಚಾಯಿತು, ಹೆಚ್ಚಾದ ಕೂಡಲೇ ಕೋರ್ಟಿನ ದಾರಿಯೂ ತೆರೆಯಿತು.

50ರ ಮಾತಿಗೂ ನಮ್ಮದೇ ನೆಲದ ನಂಟಿದೆ. 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68 ಮೀಸಲಿಟ್ಟಾಗ ಬಾಲಾಜಿ ಪ್ರಕರಣದಲ್ಲಿ ಕೋರ್ಟ್ ಅದನ್ನು ಹೊಡೆದುಹಾಕಿ, ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಲಿ ಎಂದಿತು. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅಸಾಧಾರಣ ಸಂದರ್ಭ ಬಿಟ್ಟು ಉಳಿದೆಲ್ಲಕ್ಕೆ 50 ಎಂದು ಗೆರೆ ಎಳೆಯಿತು. 2022ರಲ್ಲಿ ಆರ್ಥಿಕ ದುರ್ಬಲರ ಶೇ 10ನ್ನು ಎತ್ತಿಹಿಡಿಯುವಾಗ ಬಹುಮತದ ನ್ಯಾಯಮೂರ್ತಿಗಳು ಆ ಗೆರೆಯನ್ನು ಅಲ್ಲಿಗೆ ಅನ್ವಯಿಸಲಿಲ್ಲ. ಆ ಹತ್ತನ್ನು ಕಂಡಾಗ ಅರ್ಹತೆಯ ಪ್ರಶ್ನೆ ಎತ್ತಿದ ಪತ್ರ ನನಗೆ ಒಂದೂ ಬಂದಿರಲಿಲ್ಲ ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ. ಇನ್ನು ಬೆಲೆಯ ಮಾತು: ಸಮತಲ ಮೀಸಲಾತಿಯ ಬಗ್ಗೆ ಶಹಾಪುರದವರಿಗೆ ಕೊಟ್ಟ ಉತ್ತರ ಓದಿ. ಅಲ್ಲಿ ಅರ್ಹತೆ ಇದ್ದೂ ಹೊರಗುಳಿದವರು ಯಾರು?

ಪ್ರಶ್ನೆ: ಅಂತಿಮ ಆಯ್ಕೆಪಟ್ಟಿ ಬಂದು ಹತ್ತು ತಿಂಗಳಾಯಿತು. ನನಗಿಂತ ಕಡಿಮೆ ಅಂಕದವರನ್ನು ನನ್ನ ಪ್ರವರ್ಗದಲ್ಲೇ ತೆಗೆದುಕೊಂಡಿದ್ದಾರೆ. ನೇಮಕಾತಿ ಪ್ರಾಧಿಕಾರಕ್ಕೆ ಮನವಿಯ ಮೇಲೆ ಮನವಿ ಕೊಡುತ್ತಿದ್ದೇನೆ. ಗೆಳೆಯರು ನೇರವಾಗಿ ಹೈಕೋರ್ಟ್‌ಗೆ ಹೋಗೋಣ ಎನ್ನುತ್ತಾರೆ. ಹುದ್ದೆ ರಾಜ್ಯ ಸರ್ಕಾರದ ಇಲಾಖೆಯದು.
— ಓದುಗರು, ಗಂಗಾವತಿ

ಉತ್ತರ: ಗೆಳೆಯರ ಮಾತು ಬಿಡಿ. ಇಲಾಖೆಯ ಹುದ್ದೆ ಎಂದ ಮೇಲೆ ಮೊದಲ ಬಾಗಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ನಿಮಗೆ ಕಲಬುರಗಿ ಪೀಠವೇ ಇದೆ, ಬೆಂಗಳೂರಿನ ಬಸ್ ಹತ್ತಬೇಕಿಲ್ಲ. ಅಲ್ಲಿ ಸೋತರೆ ಹೈಕೋರ್ಟ್‌ನ ವಿಭಾಗೀಯ ಪೀಠ. ನಿಗಮ, ಮಂಡಳಿಗಳ ಹುದ್ದೆಯಾಗಿದ್ದರೆ ಮಾತು ಬೇರೆ ಇರುತ್ತಿತ್ತು.

ನ್ಯಾಯಮಂಡಳಿಗೆ ಹೋಗಲು ಒಂದು ವರ್ಷದ ಗಡುವು. ಕಾಯ್ದೆಯಲ್ಲಿ ಹೇಳಿದ ಮೇಲ್ಮನವಿಯಾದರೆ ಆರು ತಿಂಗಳು ಉತ್ತರಕ್ಕೆ ಕಾಯಬಹುದು. ನೀವು ಕೊಡುತ್ತಿರುವ ಬಿಡಿ ಮನವಿಗಳು ಎಷ್ಟು ರಾಶಿ ಬಿದ್ದರೂ ಗಡುವು ಹಿಗ್ಗದು. ನಿಮಗೆ ಉಳಿದಿರುವುದು ಎರಡು ತಿಂಗಳು.

ಇನ್ನೊಂದು, ಅನೇಕರು ಎಡವುವ ಜಾಗ. ಸರ್ಕಾರವನ್ನೂ ಪ್ರಾಧಿಕಾರವನ್ನೂ ಎದುರುದಾರರನ್ನಾಗಿ ಮಾಡಿದರೆ ಸಾಲದು. ನೀವು ಗೆದ್ದರೆ ಯಾರ ಕೆಲಸ ಹೋಗುತ್ತದೋ ಅವರನ್ನೂ ಹೆಸರು ಹಿಡಿದು ಸೇರಿಸಬೇಕು. ಅವರ ಮಾತು ಕೇಳದೆ ಅವರ ಅನ್ನ ಕಿತ್ತುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ತುಂಬಾ ಜನವಿದ್ದರೆ ಕೆಲವರನ್ನಾದರೂ ಎಲ್ಲರ ಪ್ರತಿನಿಧಿಗಳಾಗಿ ಸೇರಿಸಿ. ತಡವಾದಷ್ಟೂ ಈ ಭಾಗ ಬಿಗಡಾಯಿಸುತ್ತದೆ. 1998ರ ಸಾಲಿನ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ತಕರಾರಿನಲ್ಲಿ ಹೈಕೋರ್ಟ್ ತೀರ್ಪು ಬಂದದ್ದು 2016ರಲ್ಲಿ. ಅಷ್ಟರಲ್ಲಿ ಆಯ್ಕೆಯಾದವರು ಬಡ್ತಿ ಪಡೆದು ದೊಡ್ಡ ಕುರ್ಚಿಗಳಲ್ಲಿ ಕುಳಿತಾಗಿತ್ತು.

ಅಧಿಸೂಚನೆ, ತಾತ್ಕಾಲಿಕ ಮತ್ತು ಅಂತಿಮ ಎರಡೂ ಆಯ್ಕೆಪಟ್ಟಿ, ನಿಮ್ಮ ಆಕ್ಷೇಪಣೆ, ಅದಕ್ಕೆ ಪ್ರಾಧಿಕಾರ ಲಿಖಿತವಾಗಿ ಕೊಟ್ಟ ಉತ್ತರ (ಹಿಂಬರಹ) ಇವಿಷ್ಟನ್ನು ಹಿಡಿದು ಈ ವಾರವೇ ಸೇವಾ ಪ್ರಕರಣ ನಡೆಸುವ ವಕೀಲರನ್ನು ಕಾಣಿ. ಹಿಂಬರಹ ಸಿಕ್ಕಿಲ್ಲವಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಆದರೆ ಅದರ ಉತ್ತರಕ್ಕೆಂದು ಕಾದು ಕೂರಬೇಡಿ. ಅರ್ಜಿ ಸಲ್ಲಿಸಿದ ಮೇಲೂ ಅದನ್ನು ಹಾಜರುಪಡಿಸಬಹುದು.