ಹೂವೇನೋ ಬಿಡುತ್ತೆ, ಕಾಯಿ ಕಚ್ಚಲ್ಲ

ಪ್ರಶ್ನೆ: ಅಕ್ಕಾ, ಮಾಳಿಗೆ ಮೇಲೆ ಎಂಟು ಕುಂಡಗಳಲ್ಲಿ ಟೊಮೆಟೊ ಹಾಕಿದ್ದೇನೆ. ಫೆಬ್ರವರಿಯಲ್ಲಿ ಸಸಿ ನೆಟ್ಟೆ. ಗಿಡ ಸೊಂಪಾಗಿದೆ, ಗೊಂಚಲು ಗೊಂಚಲು ಹೂ. ಆದರೆ ಏಪ್ರಿಲ್ ಹುಟ್ಟಿದ್ದೇ ತಡ, ಬೆಳಿಗ್ಗೆ ಎದ್ದು ನೋಡಿದರೆ ಹೂವೆಲ್ಲ ಕೆಳಗೆ. ಯಾರೋ ಹೇಳಿದರೆಂದು ಯೂರಿಯಾನೂ ಹಾಕಿದೆ. ಇದೇನು ರೋಗವಾ?
– ಗೃಹಿಣಿ, ಕಲಬುರಗಿ

ಉತ್ತರ: ರೋಗ ಅಲ್ಲ ತಂಗಿ, ಬಿಸಿಲು. ಉದುರಿದ ಹೂವೊಂದನ್ನು ಎತ್ತಿ ನೋಡಿ. ತೊಟ್ಟಿನ ಗಂಟಿನ ಹತ್ತಿರ ಹಳದಿಯಾಗಿ, ಸರಿಯಾಗಿ ಅಲ್ಲೇ ಕಳಚಿಕೊಂಡಿರುತ್ತದೆ. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂವಿನ ಪರಾಗ ಕೆಡುತ್ತದೆ. ರಾತ್ರಿ 24–25ರ ಕೆಳಗೆ ಇಳಿಯದಿದ್ದರೂ ಕಾಯಿ ಕಚ್ಚುವುದು ಕಷ್ಟ. ನಿಮ್ಮ ಕಲಬುರಗಿಯಲ್ಲಾಗಲಿ ನಮ್ಮ ರಾಯಚೂರಿನಲ್ಲಾಗಲಿ ಏಪ್ರಿಲ್ ರಾತ್ರಿ ಹೇಗಿರುತ್ತದೆ ಅಂತ ಹೇಳಬೇಕಾ? ನಾವೇ ಫ್ಯಾನಿನ ಕೆಳಗೆ ಹೊರಳಾಡುತ್ತೇವೆ.

ಯೂರಿಯಾ ಮೊದಲು ನಿಲ್ಲಿಸಿ. ಎಲೆ ಜಾಸ್ತಿಯಾಗುತ್ತದೆ, ಕಾಯಿ ಬರುವುದಿಲ್ಲ.

ಈಗ ಗಿಡ ಉಳಿಸಿಕೊಳ್ಳುವುದಷ್ಟೇ ಕೆಲಸ. ನಾನು ಮಾಡಿದ ತಪ್ಪು ಕೇಳಿ. ಒಂದು ವರ್ಷ ಮಧ್ಯಾಹ್ನ ಮೂರಕ್ಕೆ ಗಿಡ ಬಾಡಿದ್ದು ನೋಡಿ ಪಾಪ ಅನ್ನಿಸಿ, ಮಾಳಿಗೆ ಮೇಲಿನ ಕರಿ ಟ್ಯಾಂಕಿನಿಂದ ಪೈಪು ಹಿಡಿದೆ. ಪೈಪಿನಲ್ಲಿ ನಿಂತಿದ್ದ ನೀರು ಸ್ನಾನಕ್ಕೆ ಕಾಯಿಸಿದಷ್ಟು ಸುಡುತ್ತಿತ್ತು. ಬುಡಕ್ಕೆ ಬಿದ್ದ ಮೇಲೆ ಗೊತ್ತಾಯಿತು! ಎರಡು ಗಿಡ ಮತ್ತೆ ಏಳಲೇ ಇಲ್ಲ. ಈಗ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದಿಟ್ಟು, ಬೆಳಿಗ್ಗೆ ಆರಕ್ಕೆ ಕುಂಡದ ತಳದಿಂದ ಹನಿಯುವ ತನಕ ಹಾಕುತ್ತೇನೆ. ಒಂದಿನ ತುಂಬಾ, ಒಂದಿನ ಇಲ್ಲ ಅಂತ ಮಾಡಬೇಡಿ. ಹಾಗೆ ಮಾಡಿದರೆ ಇರುವ ಒಂದೆರಡು ಕಾಯಿಯ ತಳವೂ ಕಪ್ಪಾಗಿ ಕೊಳೆಯುತ್ತದೆ.

ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಶೇಂಗಾ ಸಿಪ್ಪೆ ಹರಡಿ. ಕುಂಡಕ್ಕೆ ಹೊರಗಡೆ ಸುಣ್ಣ ಬಳಿಯಿರಿ. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬೇಕು. ಶೇಡ್ ನೆಟ್ ಇಲ್ಲವೆಂದರೆ ಹಳೇ ಬಿಳಿ ಪಂಚೆಯೇ ಸಾಕು. ಎಲೆ ಸವರಬೇಡಿ, ಕಾಯಿಗೆ ಅದೇ ಕೊಡೆ. ಹಣ್ಣು ಕೆಂಪಾಗದೆ ಹಳದಿಯಾಗಿಯೇ ನಿಂತರೆ ಗಾಬರಿ ಬೇಡ. ಅದೂ ಸೆಕೆಯದೇ ಆಟ. ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗಿಡಿ.

ಎಲೆ ಮುದುಡಿ, ಗಿಡ ಗಿಡ್ಡಾದರೆ ಮಾತ್ರ ಅದು ಬಿಳಿ ನೊಣ ತಂದ ಎಲೆ ಮುಟುರು ರೋಗ. ಆ ಗಿಡ ಕಿತ್ತು ಹಾಕಿ, ಮರುಗಬೇಡಿ.

ಮುಂದಿನ ಸಲ ಸೆಪ್ಟೆಂಬರಿನಲ್ಲಿ ಬೀಜ ಹಾಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅನ್ನೋ ಟೊಮೆಟೊ ತಳಿ ಈ ಮುಟುರು ರೋಗ ತಡೆಯುತ್ತದೆ. ಆದರೆ ಅದು ಹೈಬ್ರಿಡ್, ಹಣ್ಣಿನಿಂದ ಬೀಜ ತೆಗೆದಿಟ್ಟು ಉಪಯೋಗವಿಲ್ಲ. ಡಿಸೆಂಬರಿನ ಚಳಿಯಲ್ಲಿ ಅದೇ ಮಾಳಿಗೆ, ಅದೇ ಕುಂಡ, ಕಾಯಿ ನೋಡಿ ನೀವೇ ಬೆರಗಾಗುತ್ತೀರಿ. ಬೇಸಿಗೆಗೆ ನಾನು ಬೆಂಡೆ, ಚವಳಿ ಹಾಕುತ್ತೇನೆ. ಮೇ ತಿಂಗಳಲ್ಲಿ ನಮ್ಮ ಮನೆಗೂ ಟೊಮೆಟೊ ಸಂತೆಯಿಂದಲೇ ಬರುವುದು. ದುಬಾರಿಯಾದರೆ ಸಾರಿಗೆ ಹುಣಸೆಹಣ್ಣು ಇದ್ದೇ ಇದೆಯಲ್ಲ.